43ನೇ ವಯಸ್ಸಿನಲ್ಲಿ ಸುನ್ನತಿ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿದ್ದಾರೆ, ಅನುಭವವಿದ್ದವರು ದಯವಿಟ್ಟು ತಿಳಿಸಿ

ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಹೆಂಡತಿಯೊಬ್ಬಳನ್ನು ಬಿಟ್ಟು ಬೇರೆ ಯಾರಲ್ಲಿಯೂ ಬಾಯಿಬಿಡದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ 43 ವರ್ಷ, ಅಡಿಕೆ ಕೃಷಿ, ಆರು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಕಳೆದ ಬೇಸಿಗೆಯಲ್ಲಿ ಮುಂದೊಗಲಿನ ತುರಿಕೆ ಶುರುವಾಯಿತು. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಸುವ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒದ್ದೆ ಬಟ್ಟೆಯಲ್ಲೇ ಇರಬೇಕಾದ್ದರಿಂದ ಅದು ಇನ್ನಷ್ಟು ಹೆಚ್ಚಿ, ತೊಗಲಿನ ಅಂಚು ಒಡೆದ ಹಿಮ್ಮಡಿಯ ಹಾಗೆ ಸೀಳು ಸೀಳಾಯಿತು. ನಾಚಿಕೆಯಿಂದ ಔಷಧಿ ಅಂಗಡಿಯಲ್ಲಿ ಹುಳುಕಡ್ಡಿಯ ಮುಲಾಮು ಎಂದು ಕೇಳಿ ತಂದು ಹಚ್ಚಿಕೊಂಡು ನಾಲ್ಕು ತಿಂಗಳು ಕಳೆದೆ. ಈಗ ತೊಗಲು ಹಿಂದಕ್ಕೆ ಸರಿಯುವುದೇ ಇಲ್ಲ. ಮೂತ್ರ ಮೊದಲು ತೊಗಲಿನ ಒಳಗೆ ತುಂಬಿಕೊಂಡು ಬಲೂನಿನಂತೆ ಊದಿ, ಆಮೇಲೆ ಸಣ್ಣಗೆ ಹೊರಗೆ ಬರುತ್ತದೆ.

ಶಿವಮೊಗ್ಗದ ಮೂತ್ರರೋಗ ತಜ್ಞರು ನೋಡಿ, ಇದಕ್ಕೆ ಫೈಮೋಸಿಸ್ ಎನ್ನುತ್ತಾರೆ, ತುದಿಯಲ್ಲಿ ಬಿಳಿಯ ಬಳೆಯಂತೆ ಗಟ್ಟಿಯಾಗಿರುವುದರಿಂದ ಮುಲಾಮಿಗೆ ಬಗ್ಗುವುದಿಲ್ಲ, ಸುನ್ನತಿಯೇ ದಾರಿ ಎಂದರು. ಆ ಮಾತು ಕೇಳಿದಾಗಿನಿಂದ ನಿದ್ರೆ ಸರಿಯಾಗಿ ಬರುತ್ತಿಲ್ಲ. ನೋವಿನ ಭಯವಿದೆ, ದಾಂಪತ್ಯದ ಮೇಲೆ ಏನು ಪರಿಣಾಮವಾಗುತ್ತದೋ ಎಂಬ ಭಯವೂ ಇದೆ. ಅಮ್ಮನಿಗೆ ತಿಳಿದರೆ ‘ಅದು ಸಾಬರು ಮಾಡಿಸಿಕೊಳ್ಳುವುದಲ್ಲವಾ’ ಎಂದು ಕಂಗಾಲಾಗುತ್ತಾರೆ. ದೀಪಾವಳಿ ಕಳೆದರೆ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಬಿರುಸಾಗುತ್ತದೆ, ಎಷ್ಟು ದಿನ ಮನೆಯಲ್ಲಿ ಕೂರಬೇಕಾಗಬಹುದು? ದೊಡ್ಡವರಾದ ಮೇಲೆ ಮಾಡಿಸಿಕೊಂಡವರು ಯಾರಾದರೂ ಇದ್ದರೆ ಉಳಿದದ್ದೆಲ್ಲ ಬಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿ.

ರಿಪ್ಪನ್‌ಪೇಟೆ ಓದುಗ

ಎರಡು ವರ್ಷಗಳಿಂದ ಇದೇ ತೊಂದರೆಯನ್ನು ಮುಚ್ಚಿಟ್ಟುಕೊಂಡಿದ್ದೇನೆ, ನಾನೂ ಉತ್ತರಗಳಿಗೆ ಕಾಯುತ್ತೇನೆ.

ಥಿಯೇಟರ್ ಸಿಸ್ಟರ್, ಶಿವಮೊಗ್ಗ

ಅಣ್ಣ, ಹತ್ತೊಂಬತ್ತು ವರ್ಷಗಳಿಂದ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ವಯಸ್ಸಿನವರು, ನಿಮ್ಮದೇ ಕಾರಣಕ್ಕೆ, ಎಲ್ಲ ಜಾತಿಯವರೂ ಬರುತ್ತಾರೆ. ಹಲವರು ಮೇಜಿನ ಮೇಲೆ ಮಲಗಿದ ಮೇಲೂ ‘ಸಿಸ್ಟರ್, ಊರಿನವರಿಗೆ ಹರ್ನಿಯಾ ಅಂತ ಹೇಳಿದ್ದೇನೆ’ ಎನ್ನುತ್ತಾರೆ. ಆದ್ದರಿಂದ ನೀವು ಒಬ್ಬಂಟಿಯಲ್ಲ.

ನಡೆಯುವುದು ಹೀಗೆ. ಸಾಮಾನ್ಯವಾಗಿ ಶಿಶ್ನದ ಬುಡದಲ್ಲಿ ಅರಿವಳಿಕೆಯ ಚುಚ್ಚುಮದ್ದು ಕೊಡುತ್ತಾರೆ. ಆ ಚುಚ್ಚುವಿಕೆ ಒಂದಿಷ್ಟು ಉರಿಯುತ್ತದೆ, ಆಮೇಲೆ ಮುಟ್ಟಿದ್ದು ತಿಳಿಯುತ್ತದೆಯೇ ಹೊರತು ನೋವು ತಿಳಿಯುವುದಿಲ್ಲ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ತಾನಾಗಿ ಕರಗುವ ದಾರದಿಂದ ಹೊಲಿಗೆ ಹಾಕುವುದರಿಂದ ಬಿಚ್ಚಿಸಲು ಮತ್ತೆ ಬರಬೇಕಾಗಿಲ್ಲ, ಎರಡು ಮೂರು ವಾರಗಳಲ್ಲಿ ಉದುರಿಹೋಗುತ್ತವೆ. ಬಹಳ ಜನ ಅದೇ ದಿನ ಮನೆಗೆ ಹೋಗುತ್ತಾರೆ. ಮೊದಲ ಮೂರು ನಾಲ್ಕು ದಿನ ಊತ ಮತ್ತು ಕಪ್ಪುಗಟ್ಟಿದ ಬಣ್ಣ ನೋಡಿ ಗಾಬರಿಯಾಗಬೇಡಿ. ಮೊದಲ ವಾರದಲ್ಲಿ ಕಷ್ಟ ಕೊಡುವುದು ಬೆಳಗಿನ ಜಾವದ ನಿಮಿರುವಿಕೆ, ಆಗ ಹೊಲಿಗೆ ಎಳೆದಂತಾಗುತ್ತದೆ. ಮಲಗುವ ಮೊದಲು ಮೂತ್ರ ಮಾಡಿ ಮಲಗಿ, ಎಚ್ಚರವಾದರೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಒಂದು ವಾರ ಬೈಕ್ ಹತ್ತಬೇಡಿ, ಭಾರದ ಕೆಲಸ ಮೂರು ವಾರ ಬೇಡ, ದಾಂಪತ್ಯಕ್ಕೆ ಆರು ವಾರ ತಡೆಯಿರಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಸಕ್ಕರೆ. ಸಕ್ಕರೆ ಹತೋಟಿಯಲ್ಲಿಲ್ಲದೆ ಗಾಯ ಒಣಗುವುದಿಲ್ಲ. ನೀವು ನುಂಗುವ ಮಾತ್ರೆಗಳ ಪಟ್ಟಿಯನ್ನು ತಜ್ಞರಿಗೆ ತೋರಿಸಿದ್ದೀರಾ? ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಒಳ್ಳೆಯ ಮಾತ್ರೆಗಳೇ ಸರಿ, ಆದರೆ ಆ ಸಿಹಿ ಮೂತ್ರ ತೊಗಲಿನ ಸಂದಿಯಲ್ಲಿ ನಿಂತರೆ ಶಿಲೀಂಧ್ರಕ್ಕೆ ಹಬ್ಬ. ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಸೊರಬದ ತರ್ಕ

ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ ಎಂಬುದನ್ನು ಮರೆಯಬೇಡಿ. ಮುಂದೊಗಲು ನಿಸರ್ಗ ಸುಮ್ಮನೆ ಕೊಟ್ಟ ಚರ್ಮವಲ್ಲ, ಅದರ ತುಂಬ ಸ್ಪರ್ಶದ ನರತುದಿಗಳಿವೆ. ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಮುಲಾಮನ್ನು ನಾಲ್ಕರಿಂದ ಎಂಟು ವಾರ ಕ್ರಮವಾಗಿ ಹಚ್ಚಿದರೆ ಎಷ್ಟೋ ಜನರಿಗೆ ತೊಗಲು ಸಡಿಲವಾಗುತ್ತದೆ. ನಮ್ಮಲ್ಲಿ ಕತ್ತರಿ ಹಿಡಿಯುವ ಆತುರ ಜಾಸ್ತಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯದೆ ಒಪ್ಪಬೇಡಿ.

ಥಿಯೇಟರ್ ಸಿಸ್ಟರ್, ಶಿವಮೊಗ್ಗ

ಇನ್ನೊಬ್ಬರ ಅಭಿಪ್ರಾಯ ಪಡೆಯಲಿ, ಅದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಮುಲಾಮು ಚೆನ್ನಾಗಿ ಕೆಲಸ ಮಾಡುವುದು ಮೃದುವಾದ ತೊಗಲಿನ ಮೇಲೆ, ಅದರಲ್ಲೂ ಮಕ್ಕಳಲ್ಲಿ. ಇವರು ಹೇಳುತ್ತಿರುವ ಬಿಳಿಯ ಬಳೆ ಗಾಯ ಮಾಗಿ ಗಟ್ಟಿಯಾದ ತೊಗಲು. ಅದನ್ನು ಹಾಗೇ ಬಿಟ್ಟರೆ ಮೂತ್ರದ್ವಾರವೂ ಕಿರಿದಾಗಬಹುದು, ಒಳಗೆ ಏನಾಗುತ್ತಿದೆ ಎಂಬುದೂ ಕಾಣುವುದಿಲ್ಲ. ಶಿಶ್ನದ ಕ್ಯಾನ್ಸರ್ ಅಪರೂಪವಾದರೂ ಸರಿಯದ ಮುಂದೊಗಲು ಅದಕ್ಕೆ ಒಂದು ಕಾರಣ ಎಂಬುದು ವೈದ್ಯಶಾಸ್ತ್ರ ಒಪ್ಪಿದ ಮಾತು. ತೆಗೆದ ತೊಗಲನ್ನು ಪರೀಕ್ಷೆಗೆ ಕಳಿಸಿ ಎಂದು ಅಣ್ಣ ತಾವಾಗಿಯೇ ಕೇಳಲಿ.

ಸಾಗರದ ಮೇಷ್ಟ್ರು

ತೋಟದಮನೆಯವರೇ, ನಿಮ್ಮ ತಾಯಿಯವರ ಮಾತಿನಿಂದ ನನಗೇನೂ ಬೇಸರವಿಲ್ಲ. ನಾನು ಅದೇ ‘ಸಾಬರ’ ಮನೆಯವನು, ನಿವೃತ್ತ ಶಿಕ್ಷಕ. ನನ್ನ ಅನುಭವ ನಿಮ್ಮದಕ್ಕಿಂತ ಬೇರೆಯಾದರೂ ಹೇಳುತ್ತೇನೆ.

ನನಗಾಗ ಏಳು ವರ್ಷ. ಬೇಸಿಗೆ ರಜೆ. ನಮ್ಮ ಕಡೆ ಮಳೆ ಹಿಡಿದರೆ ಬಟ್ಟೆಯೂ ಒಣಗುವುದಿಲ್ಲ, ಗಾಯವೂ ಒಣಗುವುದಿಲ್ಲ ಎಂದು ಏಪ್ರಿಲ್ ತಿಂಗಳಲ್ಲೇ ಈ ಕೆಲಸ ಮುಗಿಸುತ್ತಿದ್ದರು. ನನ್ನನ್ನೂ ಚಿಕ್ಕಪ್ಪನ ಇಬ್ಬರು ಮಕ್ಕಳನ್ನೂ ಎಣ್ಣೆ ಹಚ್ಚಿ ಮೀಯಿಸಿ, ಹೊಸ ಅಂಗಿ ತೊಡಿಸಿ, ಕೊರಳಿಗೆ ಮಲ್ಲಿಗೆ ಹಾರ ಹಾಕಿದರು. ಏಕೆಂದು ಯಾರೂ ಹೇಳಲಿಲ್ಲ. ಒಳಕೋಣೆಯಲ್ಲಿ ಭತ್ತ ಅಳೆಯುವ ಕೊಳಗವನ್ನು ಬೋರಲು ಹಾಕಿ ಅದರ ಮೇಲೆ ನನ್ನನ್ನು ಕೂರಿಸಿದರು. ಮಾಮು ಹಿಂದಿನಿಂದ ಎರಡೂ ಕಾಲುಗಳನ್ನು ಅಗಲಿಸಿ ಹಿಡಿದುಕೊಂಡ. ಎದುರಿಗೆ ಕೂತಿದ್ದ ಹಜಾಮರು, ತಲೆಗೂದಲು ಕತ್ತರಿಸುವಾಗ ನನಗೆ ಕಲ್ಲುಸಕ್ಕರೆ ಕೊಡುತ್ತಿದ್ದ ಅದೇ ಅಜ್ಜ, ‘ಅಗೋ ಮೇಲೆ ನೋಡು, ಚಿನ್ನದ ಹಕ್ಕಿ’ ಎಂದರು. ನಾನು ಮಾಡಿನ ಹಂಚಿನ ಕಡೆ ತಲೆ ಎತ್ತಿದೆ. ಅಲ್ಲಿದ್ದ ಗಾಜಿನ ಹಂಚಿನಿಂದ ಬಿಸಿಲು ಕಣ್ಣಿಗೆ ಹೊಡೆದದ್ದು ನೆನಪಿದೆ, ಆಮೇಲೆ ನನ್ನದೇ ಕೂಗು ನೆನಪಿದೆ. ಗಾಯಕ್ಕೆ ಸುಟ್ಟ ಬಟ್ಟೆಯ ಬೂದಿ ಒತ್ತಿದರು. ಅರಿವಳಿಕೆ ಎಂಬ ಮಾತೇ ಇರಲಿಲ್ಲ.

ಹತ್ತು ದಿನ ಚಾಪೆಯ ಮೇಲೆ ಅಂಗಾತ ಮಲಗಿದ್ದೆ. ಲುಂಗಿ ಗಾಯಕ್ಕೆ ತಾಗಬಾರದೆಂದು ಅದರ ನಡುಭಾಗಕ್ಕೆ ದಾರ ಕಟ್ಟಿ, ಆ ದಾರವನ್ನು ಮೇಲಿನ ತೊಲೆಗೆ ಬಿಗಿದಿದ್ದರು. ನನ್ನ ಮೇಲೊಂದು ಸಣ್ಣ ಡೇರೆ ನಿಂತಂತೆ ಕಾಣುತ್ತಿತ್ತು. ದಾದಿ, ಅಂದರೆ ಅಪ್ಪನ ಅಮ್ಮ, ದಿನವೂ ತುಪ್ಪದಲ್ಲಿ ಹುರಿದ ಮೊಟ್ಟೆ ತಿನ್ನಿಸುತ್ತಿದ್ದಳು. ಪಕ್ಕದ ಮನೆಯ ಭಟ್ಟರ ಹೆಂಡತಿ ಬಾಗಿಲಲ್ಲೇ ನಿಂತು ‘ಮಗುವಿನ ಮುಂಜಿ ಆಯಿತಂತಲ್ಲ’ ಎಂದು ಬಾಳೆಗೊನೆ ಕೊಟ್ಟು ಹೋದರು. ನಮ್ಮ ಬೀದಿಯಲ್ಲಿ ಅವರ ಮಗನ ಉಪನಯನಕ್ಕೂ ಮುಂಜಿ ಎನ್ನುತ್ತಿದ್ದರು, ನಮ್ಮ ಸುನ್ನತಿಗೂ ಮುಂಜಿ ಎನ್ನುತ್ತಿದ್ದರು. ಅದೇ ಬೇಸಿಗೆಯಲ್ಲಿ ಅವನಿಗೂ ಆಗಿತ್ತು. ಅವನು ಬೋಳಿಸಿದ ತಲೆಯೊಂದಿಗೆ ಕಿಟಕಿಯ ಹತ್ತಿರ ಬಂದು ‘ನಿನಗೆ ಎಲ್ಲಿ ಬೋಳಿಸಿದರು?’ ಎಂದು ಕೇಳಿದ್ದ.

ಇದನ್ನು ಸುಂದರ ನೆನಪೆಂದು ಹೇಳುತ್ತಿಲ್ಲ. ಮೂವರಿಗೂ ಒಂದೇ ಕತ್ತಿ. ನನ್ನ ನಂತರ ಕೂತವನಿಗೆ ಎರಡು ದಿನ ರಕ್ತ ಒಸರುತ್ತಲೇ ಇತ್ತು, ಕೊನೆಗೆ ಲಾರಿಯಲ್ಲಿ ಆಸ್ಪತ್ರೆಗೆ ಸಾಗಿಸಿದರು. ಅವನು ಬದುಕಿದ್ದು ನಮ್ಮ ಪುಣ್ಯ. ನನ್ನ ಮಕ್ಕಳಿಗೂ ಮೊಮ್ಮಕ್ಕಳಿಗೂ ಆಸ್ಪತ್ರೆಯಲ್ಲಿ, ಅರಿವಳಿಕೆ ಕೊಡಿಸಿಯೇ ಮಾಡಿಸಿದ್ದೇನೆ.

ತುಂಗಾನಗರದವ

ಮೇಷ್ಟ್ರೇ, ಓದುತ್ತಾ ನನ್ನ ಕೈ ತಣ್ಣಗಾಯಿತು.

ಸೊರಬದ ತರ್ಕ

ಮೇಷ್ಟ್ರ ಬರವಣಿಗೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಅವರ ಕಾಲು ಹಿಡಿದುಕೊಂಡವರು ಅವರನ್ನು ಪ್ರೀತಿಸುತ್ತಿದ್ದವರೇ ಇರಬಹುದು, ಆದರೂ ಏಳು ವರ್ಷದ ಮಗುವಿನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. 43ರ ರೋಗಿ ತನ್ನ ದೇಹದ ಬಗ್ಗೆ ತಾನೇ ನಿರ್ಧರಿಸುವುದು ಬೇರೆ, ಆರೋಗ್ಯವಾಗಿರುವ ಮಗುವಿನ ಮೇಲೆ ಹಿರಿಯರು ನಿರ್ಧರಿಸುವುದು ಬೇರೆ. 2012ರಲ್ಲಿ ಜರ್ಮನಿಯ ಕಲೋನ್ ನಗರದ ನ್ಯಾಯಾಲಯ, ಧಾರ್ಮಿಕ ಕಾರಣಕ್ಕೆ ಮಗುವಿಗೆ ಸುನ್ನತಿ ಮಾಡುವುದು ದೈಹಿಕ ಹಾನಿ ಎಂದೇ ಹೇಳಿತ್ತು.

ಬಾಳೆಹೊನ್ನೂರಿನ ಬ್ಯಾರಿ

ಅರ್ಧ ಹೇಳಿ ನಿಲ್ಲಿಸಬೇಡಿ. ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯ ಸಂಸತ್ತು, ವೈದ್ಯಕೀಯ ನಿಯಮಗಳನ್ನು ಪಾಲಿಸಿ ಮಾಡಿಸುವ ಹಕ್ಕು ಹೆತ್ತವರಿಗಿದೆ ಎಂದು ಕಾನೂನನ್ನೇ ಮಾಡಿತು. ನಮ್ಮ ಪಕ್ಕದ ಕೇರಳದಲ್ಲಿ ಮಕ್ಕಳ ಸುನ್ನತಿಯನ್ನು ಕಾನೂನುಬಾಹಿರವೆಂದು ಸಾರಬೇಕೆಂದು ಸಲ್ಲಿಸಿದ್ದ ಅರ್ಜಿಯನ್ನು ಹೈಕೋರ್ಟ್ 2023ರ ಮಾರ್ಚ್‌ನಲ್ಲಿ ವಜಾ ಮಾಡಿತು.

ನನ್ನ ಮಗನಿಗೆ ಐದು ತಿಂಗಳಿದ್ದಾಗ ಮಾಡಿಸಿದೆ. ನಾವು ಶಾಫಿ ಪಂಥದವರು, ನಮ್ಮಲ್ಲಿ ಇದು ಕಡ್ಡಾಯ. ಮೇಷ್ಟ್ರು ಬಹುಶಃ ಹನಫಿಗಳು, ಅವರಲ್ಲಿ ಇದನ್ನು ಸುನ್ನತ್ ಎನ್ನುತ್ತಾರೆ, ಅಂದರೆ ಪ್ರವಾದಿಯವರು ನಡೆದ ದಾರಿ. ಕುರ್‌ಆನಿನಲ್ಲಿ ಇದರ ಪ್ರಸ್ತಾಪ ಬರುವುದಿಲ್ಲ, ಪ್ರವಾದಿಯವರ ಮಾತುಗಳ ಸಂಗ್ರಹವಾದ ಹದೀಸಿನಲ್ಲಿ ಉಗುರು ಕತ್ತರಿಸುವುದು, ಮೀಸೆ ಟ್ರಿಮ್ ಮಾಡುವುದು ಇತ್ಯಾದಿ ಶುಚಿತ್ವದ ಕೆಲಸಗಳ ಜೊತೆಗೆ ಬರುತ್ತದೆ. ನನ್ನ ಮಟ್ಟಿಗೆ ಅದು ಇಬ್ರಾಹೀಮರಿಂದ ನನ್ನ ಅಜ್ಜನವರೆಗೆ, ಅಜ್ಜನಿಂದ ನನ್ನ ಮಗನವರೆಗೆ ಹರಿದುಬಂದ ಗುರುತು. ಅದನ್ನು ಹಿಂಸೆ ಎಂದು ಕರೆದರೆ ನೋವಾಗುತ್ತದೆ.

ಆದರೂ ಕುರುಡಾಗಿ ಮಾಡಿಸಲಿಲ್ಲ. ನನ್ನ ಹೆಂಡತಿಯ ಅಣ್ಣನಿಗೆ ಹಲ್ಲು ಕೀಳಿಸಿದಾಗ ರಕ್ತ ನಿಂತಿರಲಿಲ್ಲ. ಆ ಮಾತನ್ನು ಅತ್ತೆ ಹೇಗೋ ನೆನಪಿಸಿಕೊಂಡು ಹೇಳಿದ್ದರಿಂದ ಮಕ್ಕಳ ವೈದ್ಯರು ಮೊದಲು ಮಗುವಿನ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿದರು. ಹಿಮೋಫಿಲಿಯಾ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ, ಎಷ್ಟೋ ಮನೆಗಳಲ್ಲಿ ಅದು ಮೊದಲು ಗೊತ್ತಾಗುವುದೇ ಸುನ್ನತಿಯ ದಿನ. ದೇವರ ದಯೆಯಿಂದ ನಮ್ಮ ಮಗುವಿನ ಪರೀಕ್ಷೆ ಸರಿಯಾಗಿ ಬಂತು. ಹಾಗೆ ಬರದಿದ್ದರೆ ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿಗೆ ಹೋಗಿ ಕೇಳಿ ಎಂದಿದ್ದರು. ಮುಸ್ಲಿಂ ತಂದೆತಾಯಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ತಾಯಿಯ ಕಡೆಯ ಗಂಡಸರ ರಕ್ತಸ್ರಾವದ ಇತಿಹಾಸವನ್ನು ಕೇಳದೆ ದಿನ ಗೊತ್ತು ಮಾಡಬೇಡಿ.

ಸಾಗರದ ಮೇಷ್ಟ್ರು

ಬಾಳೆಹೊನ್ನೂರಿನ ತಮ್ಮ ಹೇಳಿದ್ದು ಅಮೂಲ್ಯ. ಯಹೂದಿಗಳು ಗಂಡುಮಗುವಿಗೆ ಎಂಟನೆಯ ದಿನವೇ ಮಾಡುತ್ತಾರೆ. ಆದರೂ ಅವರ ತಾಲ್ಮುಡ್ ಗ್ರಂಥದಲ್ಲಿ, ಇಬ್ಬರು ಮಕ್ಕಳು ಸುನ್ನತಿಯಿಂದ ತೀರಿಕೊಂಡಿದ್ದರೆ ಮೂರನೆಯವನಿಗೆ ಮಾಡಬಾರದು ಎಂಬ ವಿಧಿ ಸಾವಿರದೈನೂರು ವರ್ಷಗಳಿಗೂ ಹಿಂದೆಯೇ ಇತ್ತು. ವಿಧಿಗಿಂತ ಮಗುವಿನ ಜೀವ ದೊಡ್ಡದೆಂದು ಅವರು ಅಷ್ಟು ಹಿಂದೆಯೇ ಒಪ್ಪಿಕೊಂಡಿದ್ದರು.

ಇನ್ನೊಂದು ಮಾತು ಸೇರಿಸುತ್ತೇನೆ. ನಮ್ಮ ಸಂಬಂಧಿಕರಲ್ಲೊಬ್ಬರ ಮಗು ಹುಟ್ಟುವಾಗಲೇ ಮುಂದೊಗಲು ಅರ್ಧ ಇರಲಿಲ್ಲ. ದೇವರೇ ಸುನ್ನತಿ ಮಾಡಿ ಕಳಿಸಿದ್ದಾನೆ ಎಂದು ಎಲ್ಲರೂ ಸಂತೋಷಪಟ್ಟರು, ಉಳಿದ ಸ್ವಲ್ಪವನ್ನೂ ತೆಗೆಸಿದರು. ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಗಡೆ ಇತ್ತೆಂಬುದನ್ನು ಯಾರೂ ಗಮನಿಸಲಿಲ್ಲ. ಅದು ಹೈಪೋಸ್ಪೇಡಿಯಾಸ್ ಎಂಬ ಹುಟ್ಟು ದೋಷ, ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಆ ಮುಂದೊಗಲಿನ ತೊಗಲೇ ಬೇಕಾಗುತ್ತದೆ. ಆಮೇಲೆ ಆ ಹುಡುಗ ಎರಡು ದೊಡ್ಡ ಆಪರೇಷನ್‌ಗಳಿಗೆ ಒಳಗಾಗಬೇಕಾಯಿತು. ಸೊರಬದವರೇ, ನಿಮ್ಮ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಏಳು ವರ್ಷದವನಿಗೆ ಸುಳ್ಳು ಹೇಳಿ ಕೂರಿಸಿದ್ದು ತಪ್ಪು ಎಂದೇ ನಾನೂ ಹೇಳುತ್ತೇನೆ. ಆದರೆ ನನ್ನ ಶ್ರದ್ಧೆಯನ್ನು ಬಿಟ್ಟುಕೊಡಲಾರೆ.

ಇಬ್ಬರು ಮಕ್ಕಳ ತಾಯಿ, ಭದ್ರಾವತಿ

ಧರ್ಮದ ಮಾತು ಬಿಟ್ಟು ಇನ್ನೊಂದು ಕಡೆಯಿಂದ ಹೇಳುತ್ತೇನೆ, ದಯವಿಟ್ಟು ತಾಯಂದಿರು ಗಮನಿಸಿ. ನನ್ನ ಎರಡನೆಯ ಮಗನಿಗೆ ನಾಲ್ಕು ವರ್ಷವಿದ್ದಾಗ ಮುಂದೊಗಲು ಸರಿಯುವುದಿಲ್ಲವೆಂದು ಒಂದು ಆಸ್ಪತ್ರೆಯಲ್ಲಿ ಕೂಡಲೇ ಸುನ್ನತಿ ಮಾಡಿಸಿ ಎಂದರು. ಮುಂಗಡವನ್ನೂ ಕಟ್ಟಿದ್ದೆವು. ಹಿಂದಿನ ದಿನ ಮಗುವಿಗೆ ಜ್ವರ ಬಂದದ್ದರಿಂದ ಬೇರೆ ಮಕ್ಕಳ ವೈದ್ಯರ ಬಳಿ ಹೋದಾಗ ಅವರು ನೋಡಿ, ಇದು ಕಾಯಿಲೆಯೇ ಅಲ್ಲ ಎಂದರು. ಹುಟ್ಟುವಾಗ ಬಹುತೇಕ ಎಲ್ಲ ಗಂಡುಮಕ್ಕಳಿಗೂ ತೊಗಲು ಒಳಗೆ ಅಂಟಿಕೊಂಡೇ ಇರುತ್ತದೆ, ಬೆಳೆಯುತ್ತ ತಾನಾಗಿ ಬಿಡಿಸಿಕೊಳ್ಳುತ್ತದೆ. 1968ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡೆನ್ಮಾರ್ಕಿನ ಓಸ್ಟರ್ ಎಂಬ ವೈದ್ಯರು ಸುಮಾರು ಎರಡು ಸಾವಿರ ಶಾಲಾ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿದಾಗ ಆರೇಳು ವರ್ಷದವರಲ್ಲಿ ನೂರಕ್ಕೆ 8 ಮಂದಿಗೆ ಬಿಗಿಯಿತ್ತು, ಹದಿನಾರು ಹದಿನೇಳರ ಹೊತ್ತಿಗೆ ಅದು ನೂರಕ್ಕೆ 1ಕ್ಕೆ ಇಳಿದಿತ್ತಂತೆ. ವೈದ್ಯರು ಇದನ್ನು ಬರೆದುಕೊಟ್ಟ ಚೀಟಿಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಮಗನಿಗೆ ಈಗ ಹನ್ನೊಂದು, ಯಾವ ತೊಂದರೆಯೂ ಇಲ್ಲ.

ಆಮೇಲೆ ಆ ವೈದ್ಯರು ಒಂದು ಪ್ರಶ್ನೆ ಕೇಳಿದರು, ಮನೆಯಲ್ಲಿ ಎಣ್ಣೆನೀರು ಹಾಕುವಾಗ ತೊಗಲನ್ನು ಹಿಂದಕ್ಕೆ ಎಳೆಯುತ್ತೀರಾ ಎಂದು. ನಮ್ಮ ಅತ್ತೆ ಪ್ರತಿ ಶನಿವಾರ ಎಳೆಯುತ್ತಿದ್ದರು, ಬಾಣಂತನಕ್ಕೆ ಬಂದ ಅಜ್ಜಿಯೂ ಎಳೆಯುತ್ತಿದ್ದರು, ಮಗು ಚೀರುತ್ತಿತ್ತು. ಹಾಗೆ ಬಲವಂತವಾಗಿ ಎಳೆದಾಗ ಸಣ್ಣ ಸೀಳುಗಳಾಗಿ, ಅವು ಮಾಗುವಾಗ ತೊಗಲು ಬಿಗಿಯುತ್ತದೆ. ಇಲ್ಲದ ಕಾಯಿಲೆಯನ್ನು ನಾವೇ ಕೈಯಾರೆ ತರುತ್ತಿದ್ದೆವು.

ಮಲ್ಲಿಗೇನಹಳ್ಳಿಯವಳು

ನಮ್ಮ ಮನೆಯಲ್ಲೂ ಇದೇ ನಡೆಯುತ್ತಿದೆ, ಇವತ್ತೇ ಅತ್ತೆಗೆ ಹೇಳುತ್ತೇನೆ.

ಆಯುರ್ವೇದ ವೈದ್ಯ, ಶಿವಮೊಗ್ಗ

ಮೂಲ ಪ್ರಶ್ನೆ ಕೇಳಿದವರ ತಾಯಿಯವರಿಗೆ ಹೇಳಲು ಒಂದು ಮಾತು ಕೊಡುತ್ತೇನೆ. ಈ ರೋಗವೂ ಈ ಚಿಕಿತ್ಸೆಯೂ ನಮ್ಮ ಶಾಸ್ತ್ರಕ್ಕೆ ಹೊರಗಿನದಲ್ಲ. ಸುಶ್ರುತ ಸಂಹಿತೆಯ ಕ್ಷುದ್ರರೋಗಗಳ ಅಧ್ಯಾಯದಲ್ಲಿ ‘ನಿರುದ್ಧಪ್ರಕಶ’ ಎಂಬ ಹೆಸರಿನಲ್ಲಿ, ತೊಗಲು ಮುಚ್ಚಿಕೊಂಡು ಮೂತ್ರದ ದಾರಿ ಕಟ್ಟುವುದನ್ನು, ಧಾರೆ ಸಣ್ಣಗಾಗುವುದನ್ನು ವರ್ಣಿಸಿದ್ದಾರೆ. ಹಿಂದಕ್ಕೆ ಸರಿದ ತೊಗಲು ಮತ್ತೆ ಮುಂದಕ್ಕೆ ಬರದೆ ಗಂಟಿನಂತೆ ಸಿಕ್ಕಿಕೊಳ್ಳುವುದಕ್ಕೆ ‘ಪರಿವರ್ತಿಕಾ’ ಎಂದು ಬೇರೆಯೇ ಹೆಸರಿದೆ. ನಿರುದ್ಧಪ್ರಕಶಕ್ಕೆ ಹೇಳಿದ ಚಿಕಿತ್ಸೆಯನ್ನು ಗಮನಿಸಿ: ಲೋಹದ್ದೋ ಮರದ್ದೋ ಅರಗಿನದ್ದೋ ಆದ ಎರಡು ಬಾಯಿಯ ನಾಳವನ್ನು ತುಪ್ಪ ಸವರಿ ಒಳಗಿಡಬೇಕು, ಮೂರು ಮೂರು ದಿನಕ್ಕೊಮ್ಮೆ ಇನ್ನೂ ದಪ್ಪದ ನಾಳವನ್ನಿಟ್ಟು ಹಿಗ್ಗಿಸುತ್ತ ಹೋಗಬೇಕು. ಇಲ್ಲವೇ ಸೇವನಿಯನ್ನು, ಅಂದರೆ ಕೆಳಗಿನ ಹೊಲಿಗೆಯಂತಹ ಗೆರೆಯನ್ನು ಬಿಟ್ಟು, ಶಸ್ತ್ರದಿಂದ ಸೀಳಿ ಗಾಯದ ಚಿಕಿತ್ಸೆ ಮಾಡಬೇಕು. ಮೊದಲು ಹಿಗ್ಗಿಸು, ಆಗದಿದ್ದರೆ ಸೀಳು ಎಂಬ ಕ್ರಮ ಇವತ್ತಿನ ಮುಲಾಮು ಮತ್ತು ಆಪರೇಷನ್ನಿನ ಕ್ರಮದಂತೆಯೇ ಇದೆ.

ಹಾಗೆಂದು ಮನೆಯಲ್ಲಿ ಯಾರೂ ನಾಳ ಇಡುವ ಪ್ರಯೋಗ ಮಾಡಬೇಡಿ. ನನ್ನ ಬಳಿ ಬರುವ ಇಂತಹ ರೋಗಿಗಳನ್ನು ನಾನೇ ಶಸ್ತ್ರವೈದ್ಯರ ಬಳಿಗೆ ಕಳಿಸುತ್ತೇನೆ.

ಶಿಕಾರಿಪುರದ ಯುವಕ

ನನಗೆ 26, ಫೆಬ್ರವರಿಯಲ್ಲಿ ಮದುವೆ. ವೈದ್ಯರು ಪರಿವರ್ತಿಕಾ ಎಂದದ್ದನ್ನು ಓದಿ ಭಯವಾಯಿತು. ಹೋದ ತಿಂಗಳು ಸ್ನಾನ ಮಾಡುವಾಗ ತೊಗಲು ಹಿಂದಕ್ಕೆ ಸರಿದು ಒಂದು ಗಂಟೆ ಮುಂದಕ್ಕೆ ಬರಲೇ ಇಲ್ಲ, ತುದಿ ಊದಿಕೊಂಡಿತ್ತು. ತಣ್ಣೀರು ಹಾಕಿ ಹಾಕಿ ಕೊನೆಗೆ ಹೇಗೋ ಸರಿಹೋಯಿತು. ಅದು ಮತ್ತೆ ಆಗಬಹುದೇ?

ಥಿಯೇಟರ್ ಸಿಸ್ಟರ್, ಶಿವಮೊಗ್ಗ

ಆಗಬಹುದು ತಮ್ಮ, ಮುಂದಿನ ಸಲ ತಾನಾಗಿ ಸರಿಹೋಗದೆಯೂ ಇರಬಹುದು. ಅದು ತುರ್ತು ಸ್ಥಿತಿ, ತುದಿಗೆ ರಕ್ತ ಹೋಗುವುದು ನಿಂತುಹೋಗಬಹುದು. ಮತ್ತೆ ಸಿಕ್ಕಿಕೊಂಡರೆ ಬೆಳಗಾಗಲೆಂದು ಕಾಯದೆ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಬನ್ನಿ. ಮದುವೆಗೆ ಮೊದಲೇ, ಈ ತಿಂಗಳೇ ತೋರಿಸಿಕೊಳ್ಳಿ. ಆರು ವಾರದ ಲೆಕ್ಕ ಮೇಲೆ ಹೇಳಿದ್ದೇನೆ.

ಗಾಂಧಿ ಬಜಾರ್

ಎಲ್ಲರೂ ಇಷ್ಟು ಚರ್ಚೆ ಮಾಡುವುದೇಕೆ? ಸುನ್ನತಿ ಮಾಡಿಸಿಕೊಂಡರೆ ಏಡ್ಸ್ ಬರುವುದಿಲ್ಲ ಎಂದು ವಿಶ್ವಸಂಸ್ಥೆಯೇ ಹೇಳಿದೆ, ಎಲ್ಲರೂ ಮಾಡಿಸಿಕೊಳ್ಳುವುದು ಒಳ್ಳೆಯದು.

ಷಿಕಾಗೊದಿಂದ, ಮೂಲ ಹೊಸನಗರ

ಇದು ಅಪಾಯಕಾರಿ ಅರ್ಧಸತ್ಯ, ತಿದ್ದಲೇಬೇಕು. ದಕ್ಷಿಣ ಆಫ್ರಿಕಾ, ಕೀನ್ಯಾ ಮತ್ತು ಉಗಾಂಡಾಗಳಲ್ಲಿ ನಡೆದ ಮೂರು ದೊಡ್ಡ ಪ್ರಯೋಗಗಳಲ್ಲಿ, ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ತಗಲುವ ಸಂಭವ ಸುಮಾರು ಶೇಕಡಾ 60ರಷ್ಟು ಕಡಿಮೆಯಾಯಿತು. ಕಡಿಮೆಯಾಯಿತು ಎಂದರೆ ಇಲ್ಲವಾಯಿತು ಎಂದಲ್ಲ. ಅದರ ಆಧಾರದ ಮೇಲೆ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು ಸೋಂಕು ಬಹಳ ಹೆಚ್ಚಿರುವ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳಿಗಾಗಿ, ಅದೂ ಕಾಂಡೋಮ್ ಮುಂತಾದ ಎಚ್ಚರಿಕೆಗಳ ಜೊತೆಗೆ. ಸುನ್ನತಿಯಾದ ಗಂಡಸು ತನಗಿನ್ನು ಏನೂ ತಗಲದೆಂದು ನಂಬಿ ನಡೆದರೆ ಅವನ ಹೆಂಡತಿಯ ಗತಿಯೇನು?

ಸೊರಬದವರು ನರತುದಿಗಳ ಮಾತೆತ್ತಿದ್ದಾರೆ. ಅದೇ ಕೀನ್ಯಾ, ಉಗಾಂಡಾ ಪ್ರಯೋಗಗಳಲ್ಲಿ ದೊಡ್ಡವರಾದ ಮೇಲೆ ಮಾಡಿಸಿಕೊಂಡ ಸಾವಿರಾರು ಗಂಡಸರನ್ನು ದಾಂಪತ್ಯದ ಬಗ್ಗೆಯೂ ಪ್ರಶ್ನಿಸಿದ್ದರು, ಮಾಡಿಸಿಕೊಳ್ಳದವರಿಗೂ ಅವರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡಿರಲಿಲ್ಲ.

ಇಲ್ಲಿನ ಕಥೆ ಬೇರೆಯೇ. 2014ರಲ್ಲಿ ನನ್ನ ಮಗ ಹುಟ್ಟಿದ ಮರುದಿನ ಬೆಳಿಗ್ಗೆ, ಊಟದ ಪಟ್ಟಿ ಕೇಳಿದಷ್ಟೇ ಸಹಜವಾಗಿ ನರ್ಸ್ ಬಂದು ಸುನ್ನತಿಯ ಒಪ್ಪಿಗೆ ಪತ್ರ ಚಾಚಿದಳು. ಅಮೆರಿಕದಲ್ಲಿ ಧರ್ಮಕ್ಕೆ ಸಂಬಂಧವಿಲ್ಲದೆ ಇದು ವಾಡಿಕೆ. 1979ರಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಶೇಕಡಾ 64.5ರಷ್ಟು ಮಂದಿಗೆ ಅಲ್ಲಿಯೇ ಮಾಡುತ್ತಿದ್ದರು, 2010ರ ಹೊತ್ತಿಗೆ ಅದು 58.3ಕ್ಕೆ ಇಳಿದಿತ್ತು. ಇಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ, ಲಾಭ ಅಪಾಯಕ್ಕಿಂತ ಹೆಚ್ಚಿದ್ದರೂ ಎಲ್ಲ ಮಕ್ಕಳಿಗೂ ಮಾಡಿ ಎನ್ನುವಷ್ಟಿಲ್ಲ, ಹೆತ್ತವರೇ ತೀರ್ಮಾನಿಸಲಿ ಎಂದಿತು. ನಾವಿಬ್ಬರೂ ರಾತ್ರಿಯಿಡೀ ಮಾತಾಡಿ ಬೇಡವೆಂದೆವು. ಮೂತ್ರದ ಸೋಂಕು ಸ್ವಲ್ಪ ಕಡಿಮೆಯಾಗುತ್ತದೆ ಎಂದರು. ಲೆಕ್ಕ ಹಾಕಿದರೆ ಒಂದು ಸೋಂಕು ತಪ್ಪಿಸಲು ನೂರಕ್ಕೂ ಹೆಚ್ಚು ಮಕ್ಕಳಿಗೆ ಸುನ್ನತಿ ಮಾಡಬೇಕಾಗುತ್ತದೆ. ಆ ಲೆಕ್ಕ ನಮಗೆ ಒಪ್ಪಿಗೆಯಾಗಲಿಲ್ಲ.

ಬಾಳೆಹೊನ್ನೂರಿನ ಬ್ಯಾರಿ

ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ. ನೀವೂ ರಾತ್ರಿಯಿಡೀ ಮಾತಾಡಿದಿರಿ, ನಾವೂ ಮಾತಾಡಿದೆವು.

ಸೊರಬದ ತರ್ಕ

ಮಗುವಿನ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಆದರೆ ‘ಹಿಂಸೆ’ ಎಂಬ ಅರ್ಥ ಬರುವಂತೆ ಬರೆದದ್ದರಿಂದ ಬಾಳೆಹೊನ್ನೂರಿನವರಿಗೆ ನೋವಾಗಿದ್ದರೆ ಕ್ಷಮೆ ಇರಲಿ. ತೋಟದಮನೆಯವರ ಬಿಳಿಯ ಬಳೆಯ ವಿಷಯದಲ್ಲಿ ಸಿಸ್ಟರ್ ಹೇಳಿದ್ದೇ ಸರಿ, ನಾನು ಮಕ್ಕಳ ಮುಲಾಮಿನ ಮಾತನ್ನು ಅವರಿಗೆ ಅನ್ವಯಿಸಿದ್ದು ತಪ್ಪಾಯಿತು.

ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಆಪರೇಷನ್ ಆಗಿ ಇವತ್ತಿಗೆ ಐದು ವಾರ.

ಸಿಸ್ಟರ್ ಹೇಳಿದಂತೆ ಮಾತ್ರೆಗಳ ಪಟ್ಟಿ ತೋರಿಸಿದೆ. ನಾನು ನುಂಗುತ್ತಿದ್ದದ್ದರಲ್ಲಿ ಒಂದು ಅದೇ ಡಪಾಗ್ಲಿಫ್ಲೋಜಿನ್. ವೈದ್ಯರು ಅದನ್ನು ಬದಲಾಯಿಸಿ, ಸಕ್ಕರೆ ಇಳಿಯುವವರೆಗೆ ಮೂರು ವಾರ ಕಾಯಿಸಿದರು. ಆಪರೇಷನ್ನಿನ ದಿನ ಚುಚ್ಚುಮದ್ದು ಉರಿದದ್ದು ನಿಜ, ಒಂದರಿಂದ ಮೂವತ್ತು ಎಣಿಸುವಷ್ಟು ಹೊತ್ತು. ಆಮೇಲೆ ಕತ್ತರಿಯ ಸದ್ದು ಕೇಳಿಸುತ್ತಿತ್ತು, ನೋವಿರಲಿಲ್ಲ. ತೊಗಲನ್ನು ಪರೀಕ್ಷೆಗೆ ಕಳಿಸಿದ್ದರು, ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮರೋಗ ಎಂದು ಬಂದಿದೆ, ಕ್ಯಾನ್ಸರ್ ಇಲ್ಲ. ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ವಿಮೆ ಇರುವವರು ಗಮನಿಸಿ, ಬಹಳಷ್ಟು ಪಾಲಿಸಿಗಳಲ್ಲಿ ಕಾಯಿಲೆಗೆ ಅಗತ್ಯವಿಲ್ಲದ ಸುನ್ನತಿಗೆ ಹಣ ಕೊಡುವುದಿಲ್ಲ ಎಂಬ ಸಾಲಿರುತ್ತದೆ, ಆದ್ದರಿಂದ ಚೀಟಿಯಲ್ಲಿ ಕಾಯಿಲೆಯ ಹೆಸರನ್ನು ವೈದ್ಯರಿಂದ ಬರೆಸಿಕೊಳ್ಳಿ.

ಮೊದಲ ನಾಲ್ಕು ರಾತ್ರಿ ಕಷ್ಟವಾಯಿತು. ಬೆಳಗಿನ ಜಾವ ಎದ್ದು ಅಂಗಳದಲ್ಲಿ ಓಡಾಡುತ್ತಿದ್ದೆ. ಪಂಚೆ ತಾಗಿದರೂ ಸುಡುತ್ತಿತ್ತು. ಆಗ ಮೇಷ್ಟ್ರು ಬರೆದದ್ದು ನೆನಪಾಗಿ, ಅಟ್ಟದ ತೊಲೆಗೆ ಅಡಿಕೆ ಚೀಲ ಹೊಲಿಯುವ ದಾರ ಕಟ್ಟಿ ಪಂಚೆಯ ನಡುಭಾಗವನ್ನು ಮೇಲಕ್ಕೆ ಎತ್ತಿ ಬಿಗಿದೆ. ಅವತ್ತು ನಿದ್ರೆ ಬಂತು. ಬೆಳಿಗ್ಗೆ ಕಾಫಿ ತಂದ ಅಮ್ಮ ಆ ದಾರವನ್ನು ನೋಡಿ ಬಾಗಿಲಲ್ಲೇ ನಿಂತರು. ಇನ್ನು ಮುಚ್ಚಿಡಲಾಗದೆ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನ ಅಪ್ಪಯ್ಯನಿಗೂ ಹೀಗೇ ಉರಿಯುತ್ತಿತ್ತು, ಕೊನೆಯ ಎರಡು ವರ್ಷ ಮೂತ್ರಕ್ಕೆ ಕೂತಾಗೆಲ್ಲ ಅಳುತ್ತಿದ್ದರು, ಯಾರಿಗೂ ತೋರಿಸಲಿಲ್ಲ’ ಎಂದರು. ಅದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಅಮ್ಮ ಸಾಬರ ಮಾತೂ ಆಡಲಿಲ್ಲ, ಶಾಸ್ತ್ರದ ಮಾತೂ ಆಡಲಿಲ್ಲ. ದಿನವೂ ಕುದಿಸಿ ಆರಿಸಿದ ನೀರನ್ನು ತಾವೇ ತಂದಿಡುತ್ತಿದ್ದರು.

ಒಂಬತ್ತನೆಯ ದಿನ ತೋಟದ ಕಡೆ ನಡೆದುಹೋದೆ. ಈ ಸಲದ ಕೊನೆ ಕೊಯ್ಲಿನ ಉಸ್ತುವಾರಿಯನ್ನು ಹೆಂಡತಿಯೇ ನೋಡಿಕೊಂಡಳು. ಈಗ ಮೂತ್ರ ಸಲೀಸು, ಉರಿಯಿಲ್ಲ. ಪಂಚೆಯೊಳಗೆ ಒಂದು ಬಗೆಯ ಒರಟು ಸ್ಪರ್ಶ ಮೊದಲೆರಡು ವಾರ ಕಾಡಿತು, ಈಗ ಗಮನಕ್ಕೆ ಬರುವುದಿಲ್ಲ. ದಾಂಪತ್ಯದ ಬಗ್ಗೆ ಆರು ವಾರ ಮುಗಿಯದೆ ಹೇಳಲಾರೆ.

ಸಾಗರದ ಮೇಷ್ಟ್ರು

ನಮ್ಮ ದಾದಿಯ ದಾರ ನಿಮ್ಮ ಅಟ್ಟದವರೆಗೆ ಬಂತಲ್ಲ, ಓದಿ ಕಣ್ಣು ತುಂಬಿತು. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಶಿಕಾರಿಪುರದ ಯುವಕ

ನನಗೆ ನಾಡಿದ್ದು ಗುರುವಾರ ದಿನ ಕೊಟ್ಟಿದ್ದಾರೆ. ಮದುವೆಯ ದಿನವನ್ನು ಮಾರ್ಚ್‌ಗೆ ಮುಂದೂಡಲು ಹುಡುಗಿಯ ಮನೆಯವರೂ ಒಪ್ಪಿದ್ದಾರೆ. ಕಾರಣವನ್ನು ಹುಡುಗಿಗೆ ನಾನೇ ಹೇಳಿದೆ.

ರಿಪ್ಪನ್‌ಪೇಟೆ ಓದುಗ

ನಾಳೆ ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟಿದ್ದೇನೆ. ಚೀಟಿ ಮಾಡಿಸುವ ಕಿಟಕಿಯಲ್ಲಿ ಹಿಂದೆ ಹೆಂಗಸರೆಲ್ಲ ನಿಂತಿರುತ್ತಾರೆ, ಅಲ್ಲಿ ಏನೆಂದು ಹೇಳಬೇಕು?

ಥಿಯೇಟರ್ ಸಿಸ್ಟರ್, ಶಿವಮೊಗ್ಗ

‘ಯುರಾಲಜಿ’ ಎಂದಷ್ಟೇ ಹೇಳಿ ಅಣ್ಣ, ಉಳಿದದ್ದನ್ನು ಒಳಗೆ ವೈದ್ಯರೇ ಕೇಳುತ್ತಾರೆ. ತಿಂಡಿ ತಿನ್ನದೆ ಬನ್ನಿ, ಸಕ್ಕರೆಯನ್ನು ಮೊದಲು ನೋಡಬೇಕಾಗುತ್ತದೆ. ನುಂಗುವ ಮಾತ್ರೆಗಳಿದ್ದರೆ ಅವುಗಳ ಹಾಳೆಯನ್ನೂ ಜೇಬಿನಲ್ಲಿಟ್ಟುಕೊಳ್ಳಿ.